ಓದದೆ ಬಿಟ್ಟ ನಾಲ್ಕನೇ ಪ್ಯಾರಾ

ಶುಕ್ರವಾರ, 5 ಆಗಸ್ಟ್ 1983

ಜುಮಾ ನಮಾಜು ಮುಗಿಯಿತು. ಊಟವೂ ಆಯಿತು — ಅಬ್ದುಲ್ ಹಕೀಂನ ಸಾರಿನಲ್ಲಿ ಇವತ್ತೂ ಉಪ್ಪಿಲ್ಲ. ಎರಡೂವರೆಗೆ ನನ್ನ ಮಂಚದ ಹತ್ತಿರ ಕ್ಯೂ. ಪ್ರತಿ ಶುಕ್ರವಾರದ ಪಾಡು. ಊರಿಂದ ಬಂದ ಕಾಗದ ಓದಿ ಹೇಳುವುದು, ಉತ್ತರ ಬರೆದುಕೊಡುವುದು. ಆರು ದಿನ ಕಂಪನಿಯ ಟೈಪಿಂಗ್, ಏಳನೇ ದಿನ ಇವರ ಸಂಸಾರ. ಗೊಣಗುತ್ತೇನೆ. ಆದರೆ ಕ್ಯೂ ಇಲ್ಲದಿದ್ದರೆ ನನಗೇ ಸರಿಹೋಗುವುದಿಲ್ಲ.

ಕೋಯನಿಗೆ ಹೆಂಡತಿಯ ಕಾಗದ. ಊರಿನ ಮದ್ರಸಾದ ಉಸ್ತಾದರ ಕೈಬರಹ. ಬೀಫಾತಿಮಾಳಿಗೆ ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತಂತೆ, ಎರಡು ವಾರ ಆಸ್ಪತ್ರೆಯಲ್ಲಿದ್ದಳಂತೆ. ನಾನು ಓದಿದ್ದು: "ಸ್ವಲ್ಪ ಜ್ವರ ಇತ್ತು, ಈಗ ಆರಾಮ." ಉಳಿದದ್ದು ಮುಂದಿನ ಕಾಗದಕ್ಕೆ, ಇಲ್ಲವೇ ಅದರ ಮುಂದಿನದಕ್ಕೆ. ಕ್ರೇನಿನ ಕೆಳಗೆ ನಿಲ್ಲುವವನು ಅವನು. ಇವತ್ತೇ ಹೇಳಿದರೆ ನಾಳೆ ಡ್ಯೂಟಿಯಲ್ಲಿ ಕಣ್ಣೆಲ್ಲಿ, ಕಾಲೆಲ್ಲಿ?

"ನೀವು ಓದಿದ್ರೆ ಒಂದು ಸಮಾಧಾನ ರೈಟ್ರೇ" ಎಂದ. ನಿಜ. ಅಕ್ಷರ ಬಂದ ಮಾತ್ರಕ್ಕೆ ಕಾಗದ ಓದಲು ಬರುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಏನನ್ನು ಹಾರಿಸಬೇಕು — ಅದು ಗಲ್ಫಿನ ಈ ಲೇಬರ್ ಕ್ಯಾಂಪಿನಲ್ಲಿ ನನಗೊಬ್ಬನಿಗೇ ಗೊತ್ತು.

ಕೊನೆಗೆ ಎಮಿಲ್. ಮೂರನೇ ರೂಮಿನವನು. ರಾಸ್ ತನೂರಾ ಜೆಟ್ಟಿಯಲ್ಲಿ ಹಡಗಿನ ಹಗ್ಗ ಕಟ್ಟುವ ಕೆಲಸ. ಪಾಸ್‌ಪೋರ್ಟ್ ಮಾರಿಷಸ್‌ನದು, ಹಾಗಾಗಿ ಎಲ್ಲರೂ ಅವನನ್ನು ಮಾರಿಷಸ್ ಎಂದೇ ಕರೆಯುತ್ತಾರೆ. ಕರೆದರೆ ಅವನಿಗೆ ಕೆಂಡದಂಥ ಸಿಟ್ಟು. ಅವನ ಊರು ಪೆರೋಸ್ ಎಂಬ ದ್ವೀಪ, ಮಾರಿಷಸ್‌ನಿಂದ ಹಡಗಿನಲ್ಲಿ ದಿನಗಟ್ಟಲೆ ದೂರ. ಬ್ರಿಟಿಷರು ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೊದಲು ಆ ಕಡೆಯ ದ್ವೀಪಗಳನ್ನು ಕತ್ತರಿಸಿ ತಮ್ಮಲ್ಲೇ ಇಟ್ಟುಕೊಂಡರು. ಒಂದನ್ನು ಮಿಲಿಟರಿಗೆಂದು ಅಮೆರಿಕಕ್ಕೆ ಕೊಟ್ಟರು. ಎಲ್ಲ ದ್ವೀಪಗಳ ಜನರನ್ನೂ ಹಡಗು ಹತ್ತಿಸಿ ಮಾರಿಷಸ್‌ನಲ್ಲಿ ಇಳಿಸಿಬಿಟ್ಟರು. ಹತ್ತು ವರ್ಷವಾಯಿತು. ಅಲ್ಲಿದ್ದಾಗ ತೆಂಗಿನಕಾಯಿ ಸುಲಿಯುವುದು, ಕೊಬ್ಬರಿ ಒಣಗಿಸುವುದು, ಮೀನು ಹಿಡಿಯುವುದು ಅವರ ಬದುಕು. ಎಮಿಲ್ ಕಾಯಿ ಸುಲಿಯುವುದನ್ನು ನೋಡಿದರೆ ನಮ್ಮ ಉಳ್ಳಾಲದವನೇ ಅನ್ನಬೇಕು.

ಅವನಿಗೆ ಇವತ್ತು ಕಾಗದವಿಲ್ಲ. ಸುಮ್ಮನೆ ಬಂದು ಕೂರುತ್ತಾನೆ. ಬೇರೆಯವರ ಕಾಗದ ಓದುವುದನ್ನು ಕೇಳುತ್ತಾನೆ, ಒಂದಕ್ಷರ ಅರ್ಥವಾಗದಿದ್ದರೂ.

ಶುಕ್ರವಾರ, 12 ಆಗಸ್ಟ್

ಎಮಿಲ್‌ಗೆ ರಿಜಿಸ್ಟರ್ಡ್ ಕವರ್. ಒಳಗೆ ಇಂಗ್ಲಿಷ್ ಫಾರಂ, ವಕೀಲರ ಭಾಷೆ. ಜೊತೆಗೊಂದು ಚೀಟಿ — ದ್ವೀಪದವರಿಗೆಲ್ಲ ಪರಿಹಾರ ಬರುತ್ತದೆ, ಹೆಬ್ಬೆಟ್ಟು ಒತ್ತಿ ಬೇಗ ಕಳಿಸಬೇಕು.

ಮೊದಲ ಪ್ಯಾರಾ ಹೆಸರು, ಹುಟ್ಟಿದ ದ್ವೀಪ. ಎರಡನೆಯದು ಹಣ. ಮೂರನೆಯದು ಇದರಿಂದ ತೃಪ್ತನಾಗಿದ್ದೇನೆ ಎನ್ನುವುದು. ನಾಲ್ಕನೆಯದನ್ನು ಮನಸ್ಸಿನಲ್ಲೇ ಎರಡು ಸಲ ಓದಿದೆ. ಆ ದ್ವೀಪಗಳ ಮೇಲೆ, ಅಲ್ಲಿಗೆ ಹಿಂದಿರುಗಿ ವಾಸಿಸುವ ವಿಷಯದಲ್ಲಿ ನನಗಿರುವ ಎಲ್ಲ ಹಕ್ಕನ್ನೂ ಬಿಟ್ಟುಕೊಡುತ್ತೇನೆ. ನನ್ನ ಪರವಾಗಿ, ನನ್ನ ಮಕ್ಕಳ ಪರವಾಗಿ.

ಗಟ್ಟಿಯಾಗಿ ಓದಲಿಲ್ಲ. ಅಲ್ಲಿ ಅಮೆರಿಕದ ಯುದ್ಧ ವಿಮಾನಗಳು ಇಳಿಯುತ್ತವೆ. ಇವನು ವಾಪಸ್ ಹೋಗುವುದುಂಟೇ? ಓದಿ ಹೇಳಿದರೆ ಹೋಗಲಾಗದ ಊರಿಗಾಗಿ ಎದುರಿಗಿರುವ ಹಣ ಬಿಟ್ಟು ವರ್ಷವಿಡೀ ಕೊರಗುತ್ತಾನೆ. ಮನೆಯಲ್ಲಿ ಮುದಿ ತಾಯಿ, ಸಣ್ಣ ಮಗಳು.

"ಇಷ್ಟು ಉದ್ದದ ಕಾಗದದಲ್ಲಿ ಅಷ್ಟೇನಾ?" ಎಂದ. ಅವನದು ಮುರುಕು ಹಿಂದಿ. ಇಲ್ಲಿ ನಾನು ಸರಿಮಾಡಿ ಬರೆಯುತ್ತೇನೆ.

"ಸರ್ಕಾರಿ ಕಾಗದ ಹಾಗೇ. ಒಂದನ್ನೇ ನಾಲ್ಕು ಸಲ ಹೇಳ್ತಾರೆ" ಎಂದೆ.

ಆಫೀಸಿನ ಶಾಯಿ ಪ್ಯಾಡ್ ತಂದುಕೊಟ್ಟೆ. ಸಾಕ್ಷಿಗೆಂದು ಕಂಪನಿಯ ರಬ್ಬರ್ ಸ್ಟಾಂಪನ್ನೂ ಒತ್ತಿಬಿಟ್ಟೆ — ಮ್ಯಾನೇಜರನ್ನು ಕೇಳಲಿಲ್ಲ, ಶುಕ್ರವಾರ ಅವನ ಮನೆಗೆ ಯಾರು ಹೋಗುತ್ತಾರೆ. ಒಂದು ಕಾಪಿ ಫೈಲಿನಲ್ಲಿಟ್ಟಿದ್ದೇನೆ. ಎಮಿಲ್ ನನ್ನ ಎರಡೂ ಕೈ ಹಿಡಿದುಕೊಂಡ.

ಶುಕ್ರವಾರ, 2 ಸೆಪ್ಟೆಂಬರ್

ನೂರುದ್ದೀನ್ ಸಾಹೇಬರ ಅಂಗಡಿಗೆ ಹೋಗಿದ್ದೆವು. ಭಟ್ಕಳದವರು, ಇಪ್ಪತ್ತು ವರ್ಷದಿಂದ ಇಲ್ಲೇ ವ್ಯಾಪಾರ. ರೇಡಿಯೋದಲ್ಲಿ ಆ ದ್ವೀಪಗಳ ಸುದ್ದಿ ಬಂತಂತೆ, ನಮ್ಮದನ್ನು ನಮಗೆ ಕೊಡಿ ಎಂದು ಮಾರಿಷಸ್ ಸರ್ಕಾರ ಕೇಳುತ್ತಿದೆಯಂತೆ. ಎಮಿಲ್‌ಗೆ ಹೇಳಿದ್ದೇ ತಡ, ಚಾ ಗ್ಲಾಸ್ ಹಿಡಿದುಕೊಂಡೇ ಎದ್ದು ನಿಂತ.

"ಬ್ರಿಟಿಷರು ಬಿಡ್ತಾರಾ ಮಿಯಾಂ? ಹೋದ ವರ್ಷ ಭೂಮಿಯ ಆ ತುದಿಯ ಒಂದು ದ್ವೀಪಕ್ಕೆ ಹಡಗುಗಟ್ಟಲೆ ಸೈನ್ಯ ಕಳಿಸಿ ಯುದ್ಧ ಮಾಡಿದ್ರು" ಎಂದರು ಸಾಹೇಬರು.

ಕೋಯ ಬಿಡಲಿಲ್ಲ. "ಬ್ರಿಟಿಷರದ್ದೂ ಅಲ್ಲ, ಮಾರಿಷಸ್‌ನದ್ದೂ ಅಲ್ಲ. ಕೂತು ದುಡಿದವ ಇವ ಅಲ್ವಾ? ನಮ್ಮಲ್ಲಿ ಗೇಣಿಯವರು ಡಿಕ್ಲರೇಶನ್ ಹಾಕಿದ ಹಾಗೆ ಇವನೂ ಹಾಕ್ಲಿ. ನಮ್ಮ ಬಾಪಾನಿಗೆ ಧನಿಯ ಎರಡೂವರೆ ಎಕ್ರೆ ಹಾಗೇ ಸಿಕ್ಕಿದ್ದು."

ಡಿಕ್ಲರೇಶನ್ ಎಂದರೇನು ಎಂದು ಎಮಿಲ್ ಕೇಳಿದ. ಕೋಯ ಕೈಬಾಯಿ ಸೇರಿಸಿ ವಿವರಿಸಿದ. ಉಳುವವನಿಗೇ ಭೂಮಿ. ಅರ್ಜಿ ಹಾಕಬೇಕು, ಟ್ರಿಬ್ಯೂನಲ್ ಮುಂದೆ ನಿಂತು ಇದು ನನ್ನದೆಂದು ಹೇಳಬೇಕು.

"ಎಲ್ಲರಿಗೂ ಸಿಗ್ತದಾ?"

"ಎಲ್ಲರಿಗೂ ಎಂತದಕ್ಕೆ ಸಿಗ್ತದೆ ಮಾರಾಯ! ನನ್ನ ಮಾವ ಮೊದಲೇ ಧನಿಗೆ ಬಿಟ್ಟುಕೊಟ್ಟೆ ಅಂತ ಹೆಬ್ಬೆಟ್ಟು ಒತ್ತಿದ್ದ. ಅವನಿಗೆ ಒಂದು ಸೆಂಟ್ಸ್ ಜಾಗವೂ ಇಲ್ಲ. ನೀನು ಹಾಗೆ ಎಲ್ಲಿಯೂ ಒತ್ಲಿಲ್ಲ ಅಲ್ವಾ?"

"ಇಲ್ಲ ಇಲ್ಲ" ಎಂದ ಎಮಿಲ್, ನಗುತ್ತ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಅರ್ಜಿ ಬರೆದುಕೊಡು ಎಂದ. ಆಗಲಿ ಎಂದೆ. ಬೇರೆ ಏನು ಹೇಳಲಿ. ಚಾ ಅರ್ಧಕ್ಕೇ ಬಿಟ್ಟೆ.

ಶುಕ್ರವಾರ, 16 ಸೆಪ್ಟೆಂಬರ್

ಅರ್ಜಿ ಎಲ್ಲಿ ಎಂದು ಕೇಳಿದ. ವಿಳಾಸ ಹುಡುಕುತ್ತಿದ್ದೇನೆ ಎಂದೆ.

ಶುಕ್ರವಾರ, 7 ಅಕ್ಟೋಬರ್

ಎಮಿಲ್‌ನ ತಂಗಿ ಸಿಡೋನಿಯ ಕಾಗದ. ಅವಳಿಗೂ ಓದು ಬಾರದು, ಪಕ್ಕದ ಮನೆಯ ಮೇಷ್ಟ್ರಿಂದ ಇಂಗ್ಲಿಷಿನಲ್ಲಿ ಬರೆಸುತ್ತಾಳೆ. ಬರೆದದ್ದು ಹೀಗೆ: "ಅಣ್ಣ, ಆ ಫಾರಂನಲ್ಲಿ ನಾವು ಇನ್ನು ಊರಿಗೆ ಹೋಗುವುದಿಲ್ಲ ಎಂದಿದೆಯಂತೆ. ಮೇಷ್ಟ್ರು ಈಗ ಓದಿ ಹೇಳಿದರು. ನಾನು ಒತ್ತಲಿಲ್ಲ, ಅಮ್ಮನೂ ಒತ್ತಲಿಲ್ಲ. ನೀನು ಒತ್ತಿದೆಯಾ? ಗೊತ್ತಿಲ್ಲದೆ ಒತ್ತಿದವರೆಲ್ಲ ಆ ಫಾರಂ ವಾಪಸ್ ಕೇಳುತ್ತಿದ್ದಾರೆ. ಈ ತಿಂಗಳು ಮುಗಿಯುವುದರೊಳಗೆ ನಿನ್ನ ಹೆಸರೂ ಬೇಕು. ಕೂಡಲೇ ಬರೆ."

ಎಮಿಲ್ ನನ್ನ ಬಾಯಿ ನೋಡುತ್ತ ಕೂತಿದ್ದ.

ನಾನು ಓದಿದೆ — ಅಮ್ಮನ ಕಾಲುನೋವು ಹಾಗೇ ಇದೆ. ಮಗಳು ರೋಸ್ಲೀನ್ ಶಾಲೆಗೆ ಹೋಗುತ್ತಾಳೆ. ಎಲ್ಲರೂ ಕ್ಷೇಮ.

ಉತ್ತರವನ್ನೂ ನಾನೇ ಬರೆದೆ. ಇಲ್ಲಿಯೂ ಕ್ಷೇಮ ಎಂದು.

ಯಾಕೆ ಹೀಗೆ ಮಾಡಿದೆ? ಈ ಸಲ ಅವನಿಗೆ ನೋವಾಗಬಾರದೆಂದು ಅಲ್ಲ. ನನ್ನ ಹೆದರಿಕೆಗೆ. ಕೇಳದೆ ಒತ್ತಿದ ಸ್ಟಾಂಪ್. ಫೆಬ್ರವರಿಗೆ ನನ್ನ ಇಕಾಮಾ ಮುಗಿಯುತ್ತದೆ, ಇಲ್ಲಿರುವ ಆ ಪರವಾನಗಿಯನ್ನು ರಿನ್ಯೂ ಮಾಡಿಸುವುದು ಮ್ಯಾನೇಜರ್ ಕೈಯಲ್ಲಿದೆ. ಗೊತ್ತಾದರೆ ಎಕ್ಸಿಟ್ ಹೊಡೆದು ಮನೆಗೆ ಕಳಿಸುತ್ತಾನೆ. ಮರ್ಯಾದೆಯ ಮಾತೂ ಉಂಟು. ರೈಟರ್ ತಪ್ಪು ಓದಿದ ಎಂದು ನಾಲ್ಕು ಜನ ಹೇಳುವುದು ನನಗೆ ಆಗದು. ಇಲ್ಲಿಯಾದರೂ ಸರಿಯಾಗಿ ಬರೆಯೋಣ.

ಶನಿವಾರ, 8 ಅಕ್ಟೋಬರ್

ಎಮಿಲ್ ಜೆಟ್ಟಿಯಿಂದ ಎರಡು ಮೀನು ತಂದುಕೊಟ್ಟ. ತಿನ್ನಲಾಗಲಿಲ್ಲ.

ಸೋಮವಾರ, 31 ಅಕ್ಟೋಬರ್

ತಿಂಗಳು ಮುಗಿಯಿತು.

ಶುಕ್ರವಾರ, 16 ಡಿಸೆಂಬರ್

ಎಮಿಲ್‌ಗೆ ಪೋಸ್ಟಿನಲ್ಲಿ ಕ್ಯಾಸೆಟ್ ಬಂತು. ಈಗ ಎಲ್ಲರೂ ಹಾಗೆಯೇ, ಕಾಗದದ ಬದಲು ಮಾತು ತುಂಬಿಸಿ ಕಳಿಸುವುದು. ಕೋಯನ ಟೇಪ್ ರೆಕಾರ್ಡರ್ ನನ್ನ ಮಂಚದ ಮೇಲೆಯೇ ಇಟ್ಟರು. ಎಮಿಲ್ ಹಬ್ಬದ ಅಂಗಿ ಹಾಕಿಕೊಂಡು ಬಂದಿದ್ದ. ಅಮ್ಮನ ಧ್ವನಿ ಕೇಳಿಸುತ್ತೇನೆ ಬನ್ನಿ ಎಂದು ಅಡುಗೆಮನೆಯಿಂದ ಹಕೀಂನನ್ನೂ ಎಳೆದು ತಂದ.

ಮೊದಲು ಮುದುಕಿ. ನಕ್ಕಳು, ಕೆಮ್ಮಿದಳು. ಆಮೇಲೆ ಹುಡುಗಿ. ಆಮೇಲೆ ಸಿಡೋನಿ. ಅವರ ಭಾಷೆ ನನಗೆ ಬಾರದು. ಪೆರೋಸ್ ಎಂಬುದೊಂದು ಮತ್ತೆ ಮತ್ತೆ ಕೇಳಿತು. ಧ್ವನಿ ಏರಿತು. ಕೊನೆಗೆ ಅಳು.

ಎಮಿಲ್ ಟೇಪನ್ನು ಹಿಂದಕ್ಕೆ ಓಡಿಸಿ ಕೇಳಿದ. ಇನ್ನೊಂದು ಸಲ ಕೇಳಿದ. "ಎಂತ ಆಯ್ತು ಮಾರಾಯ?" ಎಂದ ಕೋಯ. ಎಮಿಲ್ ಕ್ಯಾಸೆಟ್ ತೆಗೆದು ಕಿಸೆಗೆ ಹಾಕಿಕೊಂಡು ಹೊರಗೆ ಹೋದ. ನನ್ನ ಕಡೆ ನೋಡಲಿಲ್ಲ.

ಶನಿವಾರ, 17 ಡಿಸೆಂಬರ್, ಬೆಳಿಗ್ಗೆ 10

ಡ್ಯೂಟಿಯ ಬೂಟಿನಲ್ಲೇ ಆಫೀಸಿಗೆ ಬಂದ. ಮ್ಯಾನೇಜರ್ ಸೈಟಿನಲ್ಲಿದ್ದ, ಅಷ್ಟು ಪುಣ್ಯ.

"ಕಾಪಿ ತೆಗೆ. ಓದು. ಈ ಸಲ ಎಲ್ಲ ಓದು."

ಓದಿದೆ. ಒಂದೊಂದು ವಾಕ್ಯವನ್ನೂ ಹಿಂದಿಯಲ್ಲಿ ಹೇಳಿದೆ. ನಾಲ್ಕನೆಯದಕ್ಕೆ ಬಂದಾಗ ನಿಲ್ಲಿಸಿ ನೀರು ಕುಡಿದೆ. ಅವನು ಕಾದ.

"ಅವತ್ತು ಯಾಕೆ ಓದಲಿಲ್ಲ?"

"ನಿನಗೆ ಬೇಜಾರಾಗಬಾರದು ಅಂತ."

"ಬೇಜಾರು ನನ್ನದಲ್ಲವಾ?"

ನೀರಿನ ಗ್ಲಾಸನ್ನು ಮೇಜಿನ ಮೇಲಿಟ್ಟೆ.

"ಸಿಡೋನಿ ಮೊದಲೇ ಬರೆದಿದ್ದಳಂತೆ. ಅದನ್ನೂ ಓದಲಿಲ್ಲ."

ತಲೆಯಾಡಿಸಿದೆ.

"ಇದರಲ್ಲಿ ರೋಸ್ಲೀನ್ ಹೆಸರು ಉಂಟಾ?"

"ಹೆಸರಿಲ್ಲ. ಮಕ್ಕಳು ಎಂದಿದೆ."

"ಅವಳಿಗೆ ಹನ್ನೊಂದು ವರ್ಷ. ಅವಳು ಹುಟ್ಟಿದ್ದೂ ಅಲ್ಲೇ. ಕೈಗೂಸಾಗಿದ್ದಾಗ ಹಡಗಿಗೆ ಎತ್ತಿಕೊಂಡು ಬಂದದ್ದು ನಾನು." ಮೇಜು ಸುತ್ತಿ ನನ್ನ ಕಡೆಗೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಕಾಪಿಯನ್ನು ಮಡಚಿ ತೆಗೆದುಕೊಂಡು ಹೋದ.

ಬ್ರಿಟಿಷರು, ಮಾರಿಷಸ್, ಅಮೆರಿಕ — ಕೋಟು ಹಾಕಿದವರು ಎಲ್ಲೋ ದೊಡ್ಡ ಮೇಜಿನ ಸುತ್ತ ಕೂತು ಜಗಳಾಡುತ್ತಿದ್ದಾರೆ ಎಂದುಕೊಂಡಿದ್ದೆ. ಇವನ ಪಾಲಿನದನ್ನು ಇಲ್ಲಿ, ಮಂಚದ ಮೇಲೆ ಕೂತು, ನಾನೇ ಬಿಟ್ಟುಕೊಟ್ಟೆ.

ಶುಕ್ರವಾರ, 23 ಡಿಸೆಂಬರ್

ಎರಡೂವರೆ. ಕ್ಯೂ ಇಲ್ಲ. ಮೂರು ಗಂಟೆ. ಇಲ್ಲ.

ನಾಲ್ಕಕ್ಕೆ ಕೋಯ ಬಂದ. ಕೈಯಲ್ಲಿ ಹಳೆಯ ಕಾಗದಗಳ ಕಟ್ಟು. ಎಲ್ಲವನ್ನೂ ನೂರುದ್ದೀನ್ ಸಾಹೇಬರ ಹತ್ತಿರ ಓದಿಸಿಕೊಂಡು ಬಂದಿದ್ದಾನೆ.

"ನನ್ನ ಮಗು ಹೋದದ್ದು ನನಗೆ ಅಂಗಡಿಯಲ್ಲಿ ಗೊತ್ತಾಗ್ಬೇಕಾ ರೈಟ್ರೇ? ಅವಳು ಆಸ್ಪತ್ರೆಯಿಂದ ಬಂದು ಬಿದ್ದುಕೊಂಡಿರುವಾಗ ನಾನು ಇಲ್ಲಿಂದ ಎಂತ ಬರೆಸಿದ್ದು? ಸೀರೆಯ ಬಣ್ಣ ಯಾವುದು ಬೇಕು ಅಂತ!"

ಹೇಳಬೇಕೆಂದೇ ಇದ್ದೆ, ಸಮಯ ನೋಡಿ... ಎಂದೆ. ನಾಲ್ಕು ತಿಂಗಳು. ಹೇಳುವುದನ್ನು ನಿಜವಾಗಿ ಮರೆತೇಬಿಟ್ಟಿದ್ದೆ. ಅದನ್ನು ಅವನಿಗೆ ಹೇಳುವ ಧೈರ್ಯ ಬರಲಿಲ್ಲ.

"ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು" ಎಂದು ಹೇಳಿ ಹೋದ. ನಾಚಿಕೆಯಿಂದ ಹೊರಗೆ ಕಾಲಿಡಲಿಲ್ಲ. ಊಟವನ್ನು ಹಕೀಂ ಬಾಗಿಲ ಹತ್ತಿರ ಇಟ್ಟು ಹೋದ.

ಶುಕ್ರವಾರ, 30 ಡಿಸೆಂಬರ್

ಯಾರೂ ಬರಲಿಲ್ಲ.

ಶುಕ್ರವಾರ, 6 ಜನವರಿ 1984, ಮಧ್ಯಾಹ್ನ 3

ಎಮಿಲ್ ಬಂದಿದ್ದಾನೆ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಾನೆ.

ಸಿಡೋನಿಯಿಂದ ಇನ್ನೊಂದು ಕಾಗದ, ಸಾಹೇಬರು ಓದಿದ್ದಾರೆ. ಅಲ್ಲಿ ಒಬ್ಬ ವಕೀಲ ಸಿಕ್ಕಿದ್ದಾನಂತೆ. ಗಡುವು ದಾಟಿದ್ದರೂ ದಾರಿಯೊಂದುಂಟಂತೆ. ನಾಲ್ಕನೇ ಪ್ಯಾರಾವನ್ನು ಓದಿ ಹೇಳಿರಲಿಲ್ಲ ಎಂದು ಬರೆದು ಕಳಿಸಬೇಕು, ಓದಿದವನು ಯಾರು, ಸ್ಟಾಂಪ್ ಒತ್ತಿದವನು ಯಾರು ಎಂದು ಹೆಸರು ಕೊಡಬೇಕು. ವಕೀಲರ ಕಡೆಯವರು ಕಂಪನಿಗೆ ಬರೆದು ವಿಚಾರಿಸುತ್ತಾರೆ. ಆದರೂ ಖಾತ್ರಿಯಿಲ್ಲ. ಹೆಸರಿಲ್ಲದಿದ್ದರೆ ಏನೂ ಇಲ್ಲ.

"ಸಾಹೇಬರು ಬರೆಯೋದಿಲ್ಲ ಅಂದರು. ಓದಿದವನೇ ಬರೆಯಲಿ ಅಂದರು" ಎಂದ.

ಕಂಪನಿಗೆ ಪತ್ರ ಬಂದ ದಿನವೇ ನನ್ನ ಕೆಲಸ ಹೋಗುತ್ತದೆ. ಅವನಿಗೂ ಅದು ಗೊತ್ತು. ಹೇಳಿದೆ. ಕೇಳಿಸಿಕೊಂಡ. ಎದ್ದು ಹೋಗಲಿಲ್ಲ.

ಟೈಪ್‌ರೈಟರ್ ಆಫೀಸಿನಲ್ಲಿ, ಆಫೀಸಿಗೆ ಬೀಗ, ಈ ವಾರ ಕೀಲಿ ಮ್ಯಾನೇಜರ್ ಹತ್ತಿರ. ಕರಡನ್ನು ಇದೇ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಇಂಗ್ಲಿಷಿಗೆ ಆಮೇಲೆ.

ಪೆರೋಸ್ ದ್ವೀಪದಲ್ಲಿ ಹುಟ್ಟಿದ ಎಮಿಲ್ ಎಂಬ ನಾನು ತಿಳಿಸುವುದೇನೆಂದರೆ, 12 ಆಗಸ್ಟ್ 1983ರಂದು ನಾನು ಹೆಬ್ಬೆಟ್ಟು ಒತ್ತಿದ ಕಾಗದದ ನಾಲ್ಕನೇ ಪ್ಯಾರಾವನ್ನು ನನಗೆ ಓದಿ ಹೇಳಿರಲಿಲ್ಲ. ಓದಿದವನಿಗೆ ಅದರ ಅರ್ಥ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟ. ಅಷ್ಟೇನಾ ಎಂದು ನಾನು ಕೇಳಿದಾಗ ಒಂದನ್ನೇ ನಾಲ್ಕು ಸಲ ಹೇಳಿದ್ದಾರೆ ಎಂದ. ನನ್ನ ತಂಗಿ ಬರೆದ ಕಾಗದವನ್ನೂ ಮುಚ್ಚಿಟ್ಟ.

"ಬರೆದಾಯಿತಾ?" ಎನ್ನುತ್ತಾನೆ.

ಆಗುತ್ತಿದೆ ಎಂದೆ.

ಇವನಿಗೆ ಓದು ಬಾರದು. ಊರಿಗೆ ಹೋದ ಯಾವನದೋ ಹೆಸರು ಬರೆದು, ಇದು ನನ್ನದೇ ಎಂದು ಓದಿ ಹೇಳಿದರೂ ಇವನು ನಂಬಬೇಕು. ಕಂಪನಿಯಲ್ಲಿ ಆ ಹೆಸರಿನವನು ಸಿಗುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ. ಫೆಬ್ರವರಿಗೆ ಇಕಾಮಾ... ಇದನ್ನು ಯೋಚಿಸುತ್ತಿರುವುದೂ ನಾನೇ.

ಕಾಗದ ಓದುವಾಗ ನೋಡುತ್ತಿದ್ದ ಹಾಗೆಯೇ ನನ್ನ ಬಾಯಿ ನೋಡುತ್ತಿದ್ದಾನೆ.

ಓದಿದವನ ಹೆಸರು —