ಕೆಂಪು ಬಟ್ಟೆಯ ಗಂಟು

ಬಿಳಿಚೋಡು, ಸೋಮವಾರ

ಓಂಕಾರಪ್ಪಣ್ಣಾರಿಗೆ ನಮಸ್ಕಾರ.

ನಿಮ್ಮ ಲಾರಿ ಡ್ರೈವರ್ ಕೆಂಚೇಶ ಬರೆಯೋದು. ಫೋನಿನಾಗೆ ಕೇಳಿದ್ರೆ ಮಾತು ಮರೆಸ್ತೀರಿ, ಅದಕ್ಕೆ ಈ ಕಾಗದ.

ಹೊಗೆ ಶುದ್ಧ ಮಾಡಾಕೆ ಹಾಕೋ ಯೂರಿಯಾ ನೀರು ನೀವು ಎರಡು ತಿಂಗಳಿಂದ ತರಿಸಿಲ್ಲ. ಆದ್ರೂ ಮೀಟರಿನಾಗೆ ಅದರ ಟ್ಯಾಂಕ್ ಫುಲ್ ಅಂತ ತೋರಿಸ್ತೈತೆ. ಹೆಂಗೆ? ಚನ್ನಗಿರಿಗೆ ಮೆಕ್ಕೆಜೋಳ ಹೊಡೆದಾಗೆಲ್ಲ ಇದೇ ತಲೆ ತಿಂತಿತ್ತು. ನಿನ್ನೆ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದೆ. ಒಣಗೈತೆ.

ಆಮೇಲೆ ಮೀಟರಿನ ವೈರು ಹಿಡ್ಕೊಂಡು ಹೋಗಿ ಸ್ಟೇರಿಂಗ್ ಕೆಳಗಿನ ಕೆಂಪು ಬಟ್ಟೆ ಗಂಟು ಬಿಚ್ಚಿದೆ. "ದೃಷ್ಟಿಗೆ ಕಟ್ಸೀನಿ, ದೇವರದ್ದು, ಮುಟ್ಟಬ್ಯಾಡ ಕಣಲೇ" ಅಂದಿದ್ರಿ. ಒಳಗೆ ವೈರು ಸಿಗಿಸಿದ ಡಬ್ಬಿ ಐತೆ. ಮೀಟರಿಗೆ ಸುಳ್ಳು ಹೇಳೋ ಡಬ್ಬಿ ಅಂತ ಮೆಕ್ಯಾನಿಕ್ಕು ಹೇಳಿದ. ನಾನು ಅದಕ್ಕೆ ದಿನಾ ಊದಿನಕಡ್ಡಿ ಹಚ್ಚೀನಿ.

ಆರ್‌ಟಿಓದೋರು ಹಿಡಿದ್ರೆ ಡ್ರೈವರೇ ಮಾಡ್ಕೊಂಡಿದ್ದು ಅಂತೀರಿ, ಗೊತ್ತೈತೆ. ಲೈಸೆನ್ಸ್ ಹೋಗೋದು ನಂದು. ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನಿಗೆ ಇರೋದು ಆ ಲೈಸೆನ್ಸ್ ಒಂದೇ.

ಗಾಡಿ ನಮ್ಮನೆ ಮುಂದೆ ನಿಂತೈತೆ. ಡಬ್ಬಿ ತೆಗೆಸಿ, ಯೂರಿಯಾ ತುಂಬಿಸ್ರಿ, ಅವತ್ತೇ ಹತ್ತೀನಿ. ಬಟ್ಟೆ ಮಾತ್ರ ಕೊಡಲ್ಲ. ಗಾಡಿ ಮನೆಗೆ ಬಂದಾಗೆಲ್ಲ ಅದರ ಮೇಲೆ ಕುಂಕುಮ ಇಟ್ಟೋಳು ನಮ್ಮವ್ವ. ಅವಳಿಗಿನ್ನೂ ಹೇಳಿಲ್ಲ.

ಇಷ್ಟೇ,
ಕೆಂಚೇಶ