ಒಂದೇ ಬೂದು

ಅಕ್ಕನಿಗೆ,

ಅಮ್ಮನ ಕೊನೆಯ ಫೋಟೋವನ್ನು ಕಲರ್ ಮಾಡಿ ಕಳಿಸು ಎಂದು ಮತ್ತೆ ಬರೆದಿದ್ದೀಯ. ಹೇಳಿ ಹೇಳಿ ಸಾಕಾಗಿದೆ. ನನ್ನ ಈ ಕ್ಯಾಮೆರಾ ಬಣ್ಣವನ್ನು ನೋಡುವುದೇ ಇಲ್ಲ, ಬರೀ ಬೆಳಕು ನೆರಳು. ನೀನು ಹೆಣೆದ ನೀಲಿ ಸ್ವೆಟರ್ ಆಗಲಿ, ನನ್ನ ಹೆಂಡತಿ ಹೆಣೆದ ಕೆಂಪು ಸ್ವೆಟರ್ ಆಗಲಿ, ಅದರಲ್ಲಿ ಒಂದೇ ಬೂದು. ಅಮ್ಮ ಅವತ್ತು ಯಾವುದನ್ನು ಹಾಕಿಕೊಂಡಿದ್ದಳೋ ನನಗೂ ನೆನಪಿಲ್ಲ. "ಬೇಗ ತೆಗಿಯೋ, ಕೂತೂ ಕೂತೂ ಸಾಕಾಯ್ತು" ಅಂದದ್ದಷ್ಟೇ ನೆನಪು.

ಆದರೆ ಈ ಕ್ಯಾಮೆರಾ ಒಂದೊಂದು ಎಳೆಯನ್ನೂ ಹಿಡಿಯುತ್ತದೆ. ಕುತ್ತಿಗೆಯ ಭಾಗವನ್ನು ದೊಡ್ಡದು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅಲ್ಲಿ ಒಂದು ಹೆಣಿಗೆ ತಪ್ಪಿದೆ. ನನ್ನ ಹೆಂಡತಿಯ ಕೈ ತಪ್ಪುವುದಿಲ್ಲ, ನಿನಗೇ ಗೊತ್ತು.

ಅದನ್ನು ಹುಡುಕಿ ನನಗೆ ತೋರಿಸಿದವಳು ಅವಳೇ. ಇನ್ನಾದರೂ ಅವಳ ಫೋನ್ ಎತ್ತು.

ನಿನ್ನ ತಮ್ಮ