ಕ್ಲೀನ್ ಮಾಡಿದ ಪುಟಗಳು

ಸ್ಯಾನ್ ಹೊಸೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಕೇದಾರಣ್ಣ,

ಪ್ರೀತಿಯ ಎಂದು ಅಭ್ಯಾಸಬಲದಿಂದ ಬರೆದೆ. ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಶುಗರಿನ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ನಾವೆಲ್ಲ ಚೆನ್ನಾಗಿದ್ದೇವೆ. ಕ್ಷೇಮಸಮಾಚಾರ ಮುಗಿಯಿತು, ಇನ್ನು ಬೈಗುಳ. ಫೋನಿನಲ್ಲಾದರೆ ನೀನು "ಆಯ್ತು ಬಿಡಮ್ಮ" ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ಅಪ್ಪನ ಚಿತ್ರಕಥೆ ಪುಟಗಳ ಪಾರ್ಸೆಲ್ಲು ಶುಕ್ರವಾರ ಬಂತು. ಒಳಗೆ ನಿನ್ನ ಚೀಟಿ: "ಅಂಟಿದ್ದ ಕಸಾನೆಲ್ಲ ಆವಿ ಹಿಡಿದು ತೆಗ್ದಿದೀನಿ ಕಣಮ್ಮ, ಈಗ ಒರಿಜಿನಲ್ ಥರಾನೇ ಇವೆ." ಕಸವೇನೋ ಅದು? ನಾನು ಹೇಳಿದ್ದು "ಕ್ಲೀನಾಗಿ ಪ್ಯಾಕ್ ಮಾಡಿ ಕಳಿಸು" ಎಂದು. ಕ್ಲೀನ್ ಎಂಬ ಒಂದು ಮಾತು ಹಿಡಿದುಕೊಂಡು ಇಡೀ ಅಪ್ಪನನ್ನೇ ಒರೆಸಿಬಿಟ್ಟೆಯಲ್ಲ! ಹಾಸನದ ಮಿಷನ್ ಆಸ್ಪತ್ರೆಯ ನರ್ಸಮ್ಮನಿಗೆ ಸ್ಕಾಟ್ಲೆಂಡಿನಿಂದ ಬರುತ್ತಿದ್ದ ಭಾನುವಾರದ ಪೇಪರು, ಅದರ ಚಿತ್ರಕಥೆಯ ಪುಟ ಅಲ್ಲೇ ಕಾಂಪೌಂಡರ್ ಆಗಿದ್ದ ಅಪ್ಪನಿಗೆ. ಅದರ ಇಂಗ್ಲಿಷು ಅಪ್ಪನಿಗೆ ಅರ್ಥವಾಗದೆ ಕೇಳಿದರೆ, ಇದು ನಮ್ಮ ಮನೆಮಾತು, ಶಾಲೆಯದ್ದಲ್ಲ ಎಂದರಂತೆ ಆಕೆ. ಹಾಗಾದರೆ ನಮ್ಮ ಮನೆಮಾತೇ ಸರಿ ಎಂದು ಅಪ್ಪ ಒಂದೊಂದು ಮಾತಿನ ಗುಳ್ಳೆಯ ಮೇಲೂ ಮೈದಾ ಗೋಂದಿನಲ್ಲಿ ಕನ್ನಡದ ಚೀಟಿ ಅಂಟಿಸಿದರು. ಚಿತ್ರದಲ್ಲಿದ್ದ ಸ್ಕಾಟ್ಲೆಂಡಿನ ಡಂಡೀ ಊರಿನ ಅಜ್ಜಿ ಸೌಟು ಎತ್ತಿಕೊಂಡು "ಏನ್ಲಾ ಮುಂಡೇದೆ, ಮನೆ ಆಳ್ ಮಾಡಕ್ಕೇ ಉಟ್ಟಿದ್ದೀಯೇನ್ಲಾ?" ಎನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಅವರ ದನಿ ನನಗೆ ಕೇಳಿಸಿದ್ದು ಆ ಅಜ್ಜಿಯ ಬಾಯಲ್ಲೇ.

ಇಲ್ಲಿಯ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಗುಂಪಿಗೆ ಆ ಹಳೆಯ ಚಿತ್ರಕಥೆಗಳೆಂದರೆ ಪ್ರಾಣ. ಬರೆದವರಿಗೆ ಸಹಿ ಹಾಕಲೂ ಬಿಡುತ್ತಿರಲಿಲ್ಲವಂತೆ ಆಗ. ಡಂಡೀಯಲ್ಲೇ ಹುಟ್ಟಿದ ಒಬ್ಬ ಮುದುಕರು ಬೂಟಿನ ಲಾಡಿ, ಅಜ್ಜಿಯ ಮೊಣಕೈ ನೋಡಿಯೇ ಇದು ಇಂಥವರ ಕೈ, ಇದು ಅವರು ಕಾಯಿಲೆ ಬಿದ್ದಾಗ ಬೇರೆಯವರು ಬರೆದದ್ದು ಎಂದು ಹೇಳಿಬಿಡುತ್ತಾರೆ. ಗಾಳಿಗೆ ಕೊಡೆ ಮಗುಚಿಕೊಂಡ ಪೊಲೀಸನ ಒಂದು ಚಿತ್ರವನ್ನು ಅರ್ಧ ಗಂಟೆ ನೋಡುತ್ತ ಕೂರುವ ಜನ ಇವರು. ಕನ್ನಡ ಮಾತಾಡುವ ಅಜ್ಜಿ ನಮ್ಮಲ್ಲಿದ್ದಾಳೆ ಎಂದು ನಾನು ಆರು ತಿಂಗಳಿಂದ ಜಂಬ ಕೊಚ್ಚಿಕೊಂಡಿದ್ದೆ. ನಿನ್ನೆ ಪ್ರದರ್ಶನ. ಪಾರ್ಸೆಲ್ಲನ್ನು ಅಲ್ಲೇ ಎಲ್ಲರೆದುರು ಬಿಚ್ಚಿ, ಮೇಜಿನ ಮೇಲೆ ಪುಟ ಹರಡಿದೆ. ಎಲ್ಲರೂ ಬಗ್ಗಿ ನೋಡಿದರು. ಅವರೆಲ್ಲರ ಮನೆಯಲ್ಲೂ ಇರುವ ಅದೇ ಪುಟ! ಮಗಳು ನಿಹಾರಿಕಾ ಬೇರೆ ಕಾರಿನಲ್ಲಿ "ಅಮ್ಮಾ, ಇಟ್ಸ್ ಜಸ್ಟ್ ಪೇಪರ್" ಅಂದಳು. ಫ್ರೀವೇ ಉದ್ದಕ್ಕೂ ನಿನ್ನ ಪಾಲಿನದ್ದನ್ನೂ ಅವಳಿಗೇ ಬೈದೆ.

ಅರವತ್ತು ದಾಟಿದವನಿಗೆ ಅಷ್ಟೂ ತಿಳಿಯಬೇಡವೇ? ಬಿಳಿಯರ ಮುಂದೆ ನಮ್ಮ ಗೋಂದು, ನಮ್ಮ ಬೈಗುಳ ಕಂಡರೆ ಮರ್ಯಾದೆ ಹೋಗುತ್ತದೆ ಎಂದುಕೊಂಡೆ ತಾನೆ? ಸುಳ್ಳಾಡಬೇಡ. ನನಗೆ ಅಪ್ಪನ ಮುಖವೇ ಸರಿಯಾಗಿ ನೆನಪಿಲ್ಲ ಅಣ್ಣಾ. ಇದ್ದದ್ದು ಆ ಅಕ್ಷರ ಒಂದೇ. ಕಿತ್ತ ಚೀಟಿಗಳನ್ನು ಏನು ಮಾಡಿದೆ? ಅದನ್ನು ಮೊದಲು ತಿಳಿಸು.

ಅತ್ತಿಗೆಗೆ ನಮಸ್ಕಾರ, ಗಾನವಿಗೆ ಆಶೀರ್ವಾದ. ನಿನಗೆ ಏನೂ ಇಲ್ಲ.

ನಿನ್ನ ತಂಗಿ,
ಮೈಥಿಲಿ

ಮರೆತಿದ್ದೆ: ನಿನ್ನ ಕೈಗೆ ಸಿಗದೆ ಎರಡು ಚೀಟಿ ಉಳಿದಿವೆ. ನಿನ್ನೆ ಆ ಮುದುಕರು ಅವನ್ನು ನೋಡಿ, ಇವು ಇಬ್ಬರ ಕೈ ಎಂದಿದ್ದರು. ಕನ್ನಡ ಬಾರದವರಿಗೇನು ಗೊತ್ತು ಎಂದು ಸುಮ್ಮನಾಗಿದ್ದೆ. ಈಗ ಲಕೋಟೆ ಅಂಟಿಸುವ ಮುಂಚೆ ಪಾರ್ಸೆಲ್ಲಿನ ನಿನ್ನ ಚೀಟಿಯ ಪಕ್ಕ ಇಟ್ಟು ನೋಡಿದೆ. ಒಂದು ಅಪ್ಪನದು. ಇನ್ನೊಂದು ನಿನ್ನದು, ಬಾಲ ಎಳೆದ ಅದೇ ‘ಲ’. ಅಪ್ಪ ಹೋದಾಗ ನನಗೆ ಏಳು, ನಿನಗೆ ಹದಿನಾಲ್ಕು. ಆಮೇಲೂ ಎರಡು ವರ್ಷ, "ಅಪ್ಪ ಮೊದ್ಲೇ ಬರ್ದಿಟ್ಟವ್ರೆ" ಎಂದು ಪ್ರತಿ ಭಾನುವಾರ ಪುಟ ತಂದುಕೊಡುತ್ತಿದ್ದೆಯಲ್ಲೋ. ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ? ನನ್ನ ಸಿಟ್ಟು ಇಳಿದಿಲ್ಲ, ಹೆಚ್ಚಾಗಿದೆ. ಚೀಟಿಗಳನ್ನು ಎಸೆದಿದ್ದರೆ ಕೂತು ಮತ್ತೆ ಬರಿ, ನಿನಗೆ ನೆನಪಿದ್ದಷ್ಟು. ಈ ಸಲ ಅಪ್ಪ ಬರೆದದ್ದು ಎನ್ನಬೇಡ.